ಪೆಟ್ಟಿಗೆಯ ಮೇಲಿನ ಮುನ್ನೂರು

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಮೊದಲ ವಾರವೆಂದರೆ ಮುಖ್ಯೋಪಾಧ್ಯಾಯನಾದವನಿಗೆ ನಿದ್ರೆ ಹತ್ತದ ವಾರ. ಶಾಲೆ ತೆರೆದ ಆರನೆಯ ಅಧ್ಯಯನ ದಿನದಂದು ಮಕ್ಕಳ ತಲೆಯೆಣಿಸಿ ಲೆಕ್ಕ ಒಪ್ಪಿಸಬೇಕು. ಆ ವರ್ಷ ಎಷ್ಟು ಡಿವಿಜನ್, ಎಷ್ಟು ಮಂದಿ ಅಧ್ಯಾಪಕರು ಎಂಬುದು ಆ ಲೆಕ್ಕದ ಮೇಲೆ ನಿಲ್ಲುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿ ಈ ಪತ್ರಿಕೆಯ ವಾಚಕರಿಗೆ ಹೊಸದೇನೂ ಅಲ್ಲ. ನಾಲ್ಕು ಮಕ್ಕಳು ಅತ್ತ ಸರಿದರೆ ಒಂದು ಡಿವಿಜನ್ ಬಿದ್ದುಹೋಗುವುದುಂಟು. ಅದರೊಡನೆ ಒಬ್ಬ ಅಧ್ಯಾಪಕಿಯ ಅನ್ನವೂ.

2024ರ ಜೂನಿನಲ್ಲಿ, ಆ ಆರನೆಯ ದಿನ ಸಮೀಪಿಸುತ್ತಿರುವಾಗ, ನಮ್ಮ ಶಾಲೆಯಲ್ಲಿ ರಕ್ಷಕರ ಸಭೆ ಕರೆದಿದ್ದೆ. ಕಂಪ್ಯೂಟರ್ ಕೊಠಡಿಯಲ್ಲಿ ಹದಿನೈದು ಲ್ಯಾಪ್‌ಟಾಪುಗಳನ್ನು ಸಾಲಾಗಿ ತೆರೆದಿರಿಸಿ, ಅಚ್ಚಾದ ಕನ್ನಡ ಪಠ್ಯಪುಸ್ತಕ ಕೈಸೇರುವ ಮೊದಲೇ ಮಕ್ಕಳು ಅದನ್ನು ಪರದೆಯ ಮೇಲೆ ಓದಬಹುದೆಂದು, 2020ರ ಮಹಾಮಾರಿಯ ಕಾಲದಲ್ಲಿ ಸಿದ್ಧವಾದ ಫಸ್ಟ್ ಬೆಲ್ ಪಾಠಗಳು ಕನ್ನಡದಲ್ಲಿಯೂ ಇವೆಯೆಂದು ತಾಯಂದಿರಿಗೆ ತೋರಿಸಬೇಕೆಂಬುದು ನನ್ನ ಹಂಬಲ. ಮಕ್ಕಳು ಒತ್ತಿದರು. ಹದಿನೈದು ಪರದೆಗಳ ಮೇಲೂ ಚಕ್ರವೊಂದು ತಿರುಗತೊಡಗಿತು. ಮಳೆ ಸುರಿಯುತ್ತಲೇ ಇತ್ತು, ಚಕ್ರ ತಿರುಗುತ್ತಲೇ ಇತ್ತು. ಹಿಂದಿನ ಬೆಂಚಿನಿಂದ ಒಬ್ಬಾಕೆ, ನನ್ನ ಮೇಲೆ ಸಿಟ್ಟಿಲ್ಲದ ದನಿಯಲ್ಲಿಯೇ, "ಕನ್ನಡದಲ್ಲಿ ಇಷ್ಟೇ ಅಲ್ಲವೋ ಮಾಷ್ಟ್ರೇ?" ಎಂದರು. ಮರುದಿನ ತಮ್ಮ ಮಗಳ ಟಿ.ಸಿ. ಕೇಳಿಕೊಂಡು ಬಂದವರೂ ಅವರೇ.

ಕನ್ನಡಕ್ಕೂ ಆ ಚಕ್ರಕ್ಕೂ ಏನೇನೂ ಸಂಬಂಧವಿರಲಿಲ್ಲ. ಅದನ್ನು ನಾನು ಅರಿತುಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ವೈಫೈ ಹಾಕಿಸಿಕೊಂಡು ಪೇಚಾಡುವ ಶಾಲೆ, ಸಹಕಾರಿ ಸಂಘ, ವಾಚನಾಲಯಗಳು ನಮ್ಮ ಗಡಿಯುದ್ದಕ್ಕೂ ಇವೆ. ಅವರಲ್ಲಿ ಯಾರಿಗಾದರೂ ಪ್ರಯೋಜನವಾದೀತು.

ನಮ್ಮ ಹಳೆ ವಿದ್ಯಾರ್ಥಿ ಸಂಘದವರು ಆ ಹಿಂದಿನ ವರ್ಷ ಮೂರು ಆಕ್ಸೆಸ್ ಪಾಯಿಂಟುಗಳನ್ನೂ ಅವುಗಳನ್ನು ನಿಯಂತ್ರಿಸುವ ಒಂದು ಯಂತ್ರವನ್ನೂ ಶಾಲೆಗೆ ಕೊಡಿಸಿದ್ದರು. ಮನೆಗಳಲ್ಲಿರುವ ಸಾಧಾರಣ ರೌಟರ್ ಅಲ್ಲ, ದೊಡ್ಡ ಕಚೇರಿ, ಆಸ್ಪತ್ರೆಗಳಲ್ಲಿ ಬಳಸುವ ಬಗೆ. ಯಾವುದೋ ಕಚೇರಿ ಹೊಸದನ್ನು ತರಿಸಿಕೊಂಡು ಬಿಟ್ಟುಕೊಟ್ಟ ಸಾಮಾನು. ಆದುದರಿಂದಲೇ ನಮ್ಮ ಕೈಗೆಟಕಿತು. 2009ರಲ್ಲಿ ಅಂಗೀಕೃತವಾದ, ಈಗ ವೈಫೈ 4 ಎಂದು ಕರೆಯುವ ಪ್ರಮಾಣದ ಉಪಕರಣ. ಅದರ ಮುಖ್ಯ ಗುಣವನ್ನು ಆ ಪ್ರಮಾಣಗ್ರಂಥದಲ್ಲಿ 'ಹೈ ಥ್ರೂಪುಟ್' ಎಂದೇ ಕರೆದಿದ್ದಾರೆ; ಹೆಚ್ಚು ಮಾಹಿತಿಯನ್ನು ಸಾಗಿಸುವ ಶಕ್ತಿ ಎಂದು ಅರ್ಥ. ಪೆಟ್ಟಿಗೆಯ ಮೇಲೆ 300 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸೆಕೆಂಡಿಗೆ ಮುನ್ನೂರು ಮೆಗಾಬಿಟ್! ಶಾಲೆಗೆ ಹೊರಗಿನಿಂದ ಬರುವ ತಂತಿಯಲ್ಲಿದ್ದುದು ನೂರು. ನೂರನ್ನು ಹಂಚಲು ಮುನ್ನೂರರ ಪೆಟ್ಟಿಗೆ ಸಾಲದೆ ಹೋಗುವುದುಂಟೆ ಎಂದು ನಾನು ಧೈರ್ಯವಾಗಿದ್ದೆ.

ಚೌತಿಗೆ ಊರಿಗೆ ಬಂದ ನನ್ನ ಹಳೆಯ ಶಿಷ್ಯನೊಬ್ಬ, ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವವನು, ನನ್ನನ್ನು ಕಾಣಲು ಶಾಲೆಗೆ ಬಂದ. ಸಮಸ್ಯೆ ಹೇಳಿದೆ. ಅವನು ಒಂದು ಲ್ಯಾಪ್‌ಟಾಪಿನಲ್ಲಿ ಏನನ್ನೋ ಬರೆದು, ಬಂದ ಉತ್ತರದಲ್ಲಿ ಒಂದು ಅಂಕೆಯನ್ನು ಬೆರಳಿಟ್ಟು ತೋರಿಸಿದ. 54.

"ಮಾಷ್ಟ್ರೇ, ಈ ಐವತ್ತನಾಲ್ಕು ಕಂಡರೆ ಸಂಶಯಪಡಬೇಕು. ಇದು ಹಳೆಯ ಕಾಲದ ಮಿತಿ. ನಿಮ್ಮ ಮುನ್ನೂರು ಇನ್ನೂ ಎದ್ದೇ ಇಲ್ಲ."

ಕಾರಣ ಬೀಗದಲ್ಲಿತ್ತು. ವೈಫೈಗೆ ಗುಪ್ತಪದವನ್ನಿಡುವಾಗ ಮಾಹಿತಿಯನ್ನು ಯಾವ ಬಗೆಯ ಗೂಢಲಿಪಿಯಲ್ಲಿ ಕಳುಹಿಸಬೇಕೆಂದೂ ಆರಿಸಬೇಕಾಗುತ್ತದೆ. ಹಿಂದಿನ ಕಚೇರಿಯವರು ಯಾವುದೋ ಹಳೆಯ ಯಂತ್ರದ ಅನುಕೂಲಕ್ಕಾಗಿ ಟಿಕಿಪ್ ಎಂಬ ಹಳೆಯ ಬೀಗವನ್ನು ಇಟ್ಟುಕೊಂಡಿದ್ದರು. ಆ ಬೀಗ ಹಾಕಿದಲ್ಲಿ ಹೈ ಥ್ರೂಪುಟ್ ವೇಗಗಳನ್ನು ಬಳಸಕೂಡದೆಂದು ಪ್ರಮಾಣಗ್ರಂಥವೇ ನಿಷೇಧಿಸಿದೆ. ಉಳಿದ ಎಲ್ಲ ಗುಂಡಿಗಳೂ 'ಆನ್' ಆಗಿದ್ದರೂ ಉಪಕರಣ ಸದ್ದಿಲ್ಲದೆ ಹಳೆಯ 54ಕ್ಕೆ ಇಳಿಯುತ್ತದೆ, ಯಾರಿಗೂ ತಿಳಿಸುವುದಿಲ್ಲ. ಡಬ್ಲ್ಯುಪಿಎ 2, ಎಇಎಸ್ ಎಂಬ ಬೀಗವನ್ನೇ ಆರಿಸಬೇಕು. ಅದೇ ಪುಟದಲ್ಲಿ ಇನ್ನೊಂದು ಗುಂಡಿಯೂ ಆಫ್ ಆಗಿತ್ತು. ಧ್ವನಿ, ಚಿತ್ರ, ಸಾಮಾನ್ಯ ಮಾಹಿತಿಗಳಿಗೆ ಸರದಿ ನಿಗದಿಮಾಡುವ ಡಬ್ಲ್ಯುಎಂಎಂ. ಅದಿಲ್ಲದೆಯೂ ಈ ವೇಗಗಳು ಏಳುವುದಿಲ್ಲ. ಎರಡನ್ನೂ ಸರಿಪಡಿಸಿದ. ಅದೇ ಲ್ಯಾಪ್‌ಟಾಪಿನಲ್ಲಿ 54 ಇದ್ದಲ್ಲಿ 300 ಬಂದು ನಿಂತಿತು. ನನಗೆ ಆದ ಸಂತೋಷಕ್ಕೆ ಅವನನ್ನು ಊಟಕ್ಕೆ ನಿಲ್ಲಿಸಿಕೊಂಡೆ.

ಊಟದ ಬಳಿಕ ಕಪ್ಪುಹಲಗೆಯ ಮುಂದೆ ನಿಂತು ಈ ಮುನ್ನೂರು ಎಲ್ಲಿಂದ ಬಂತೆಂದು ಅವನಿಂದ ಲೆಕ್ಕ ಹೇಳಿಸಿಕೊಂಡೆ. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ಸರಿಯಾಗಿ ಬಿಡಿಸಿ ಹೇಳಿದವರು ನನಗೆ ಆವರೆಗೆ ಸಿಕ್ಕಿರಲಿಲ್ಲ.

ವೈಫೈಯ ಒಂದು ದಾರಿ, ಅಂದರೆ ಚಾನೆಲ್, ಸಾಮಾನ್ಯವಾಗಿ 20 ಮೆಗಾಹರ್ಟ್ಸ್ ಅಗಲ. ಮಗ್ಗದಲ್ಲಿ ನೂಲಿನ ಎಳೆಗಳಿರುವಂತೆ ಅದರೊಳಗೆ ಮಾಹಿತಿ ಸಾಗಿಸುವ 52 ಎಳೆಗಳು. ಗಾಳಿ ತಿಳಿಯಾಗಿದ್ದಾಗ ಒಂದೊಂದು ಎಳೆಯೂ ಒಮ್ಮೆಗೆ 6 ಬಿಟ್ ಹೊರುತ್ತದೆ. ಒಟ್ಟು 312. ಅದರಲ್ಲಿ ಆರರಲ್ಲಿ ಒಂದು ಪಾಲು ದಾರಿಯಲ್ಲಾದ ತಪ್ಪನ್ನು ತಿದ್ದಿಕೊಳ್ಳುವುದಕ್ಕೆ ಮೀಸಲು. ಉಳಿದದ್ದು 260. ಹೀಗೆ ಒಮ್ಮೆ ಕಳುಹಿಸಲು ತಗಲುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ನಾಲ್ಕು ಪಾಲು. 260ನ್ನು 4ರಿಂದ ಭಾಗಿಸಿದರೆ 65. ಸೆಕೆಂಡಿಗೆ 65 ಮೆಗಾಬಿಟ್ ಎಂಬುದು ಒಂದೇ ಧಾರೆಯ, ಒಂದೇ ಅಗಲದ ದಾರಿಯ ಗರಿಷ್ಠ ವೇಗ.

ಆ ನಾಲ್ಕು ಪಾಲು ಕಾಲದಲ್ಲಿ ಸ್ವಲ್ಪ ಮೌನವಿದೆ. ಗುಡ್ಡಕ್ಕೆ ಇದಿರಾಗಿ ನಿಂತು ಕೂಗಿದರೆ ಮಾರ್ದನಿ ಬರುತ್ತದಷ್ಟೆ. ಅದು ಅಡಗುವ ಮೊದಲೇ ಎರಡನೆಯ ಮಾತು ಕೂಗಿದರೆ ಎರಡೂ ಕಲಸಿಹೋಗುತ್ತವೆ. ಹಾಗೆಯೇ ರೇಡಿಯೋ ಅಲೆ ಗೋಡೆಗೆ ಬಡಿದು ತಡವಾಗಿ ಬರುವುದರಿಂದ ಎರಡು ಮಾತುಗಳ ನಡುವೆ ಸೆಕೆಂಡಿನ ನೂರು ಕೋಟಿಯಲ್ಲಿ 800 ಪಾಲು ಬಿಡುವು ಕೊಡುತ್ತಾರೆ. ಇದಕ್ಕೆ ಗಾರ್ಡ್ ಇಂಟರ್ವಲ್ ಎಂದು ಹೆಸರು. ಅದನ್ನು 400ಕ್ಕೆ ಇಳಿಸಬಹುದು. ಆಗ 260ನ್ನು 3.6ರಿಂದ ಭಾಗಿಸಬೇಕು, 72.2 ಬರುತ್ತದೆ. ಇಳಿಸಿದರೆ ಅಪಾಯವಿಲ್ಲವೆ? 400 ಪಾಲು ಕಾಲದಲ್ಲಿ ಅಲೆ ಓಡುವ ದೂರ 120 ಮೀಟರು. ನಮ್ಮ ಕೊಠಡಿಗಳ ಗೋಡೆಯಿಂದ ಗೋಡೆಗೆ ಹತ್ತು ಮೀಟರಿಲ್ಲ. ಒಳಾಂಗಣದಲ್ಲಿ ಧಾರಾಳವಾಗಿ ಇಳಿಸಬಹುದು. ಆದರೆ ಲಾಭ ನೂರಕ್ಕೆ ಹನ್ನೊಂದರಷ್ಟೇ ಎಂಬುದನ್ನು ನೆನಪಿಡಬೇಕು.

ಇನ್ನು, ಅಕ್ಕಪಕ್ಕದ ಎರಡು ದಾರಿಗಳನ್ನು ಕೂಡಿಸಿ 40 ಮೆಗಾಹರ್ಟ್ಸ್ ಅಗಲ ಮಾಡಿದರೆ ನಡುವಿನ ಬದುವೂ ಸೇರಿ ಎಳೆಗಳು 108 ಆಗುತ್ತವೆ. ಅದೇ ಲೆಕ್ಕದಂತೆ 540ನ್ನು 3.6ರಿಂದ ಭಾಗಿಸಿದರೆ 150. ಎರಡು ಆಂಟೆನಾಗಳಿಂದ ಒಂದೇ ದಾರಿಯಲ್ಲಿ ಎರಡು ಪ್ರತ್ಯೇಕ ಧಾರೆಗಳನ್ನು ಹರಿಸಿದರೆ 300. ಪೆಟ್ಟಿಗೆಯ ಮೇಲಿನ ಅಂಕೆ ಇದೇ.

ಒಂದೇ ದಾರಿಯಲ್ಲಿ ಎರಡು ಧಾರೆ ಕಲಸದೆ ಹರಿಯುವುದು ಹೇಗೆಂಬುದು ನನಗೆ ಕೌತುಕವಾಯಿತು. ಇದರ ಹಿಂದಿರುವವರಲ್ಲಿ ಒಬ್ಬರು ನಮ್ಮ ಆಸುಪಾಸಿನವರೇ. 1944ರಲ್ಲಿ ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪಾಲ್‌ರಾಜ್. ಎಳೆಯ ವಯಸ್ಸಿನಲ್ಲೇ ನೌಕಾಪಡೆ ಸೇರಿ, ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ನೀರೊಳಗಿನ ಶಬ್ದದಿಂದ ಹಡಗುಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರವನ್ನು ರೂಪಿಸಿದ ತಂಡದ ಮುಂದಾಳಾಗಿದ್ದವರು. ಅನಂತರ ಬೆಂಗಳೂರಿನಲ್ಲಿಯೂ ಸಂಶೋಧನಾಲಯಗಳನ್ನು ಕಟ್ಟಿದವರು. ಅಮೆರಿಕೆಯ ಸ್ಟ್ಯಾನ್‌ಫರ್ಡಿಗೆ ಹೋದ ಮೇಲೆ 1992ರಲ್ಲಿ ಪುಣೆಯಲ್ಲಿ ಹುಟ್ಟಿದ ತೋಮಸ್ ಕೈಲಾತರೊಡನೆ ಈ ಬಹುಧಾರೆಯ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1994ರಲ್ಲಿ ಅದು ಮಂಜೂರಾಯಿತು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂದಿದೆ. ಅದುವರೆಗೆ ಗೋಡೆಗೆ ಬಡಿದು ಬರುವ ಮಾರ್ದನಿ ರೇಡಿಯೋದವರ ಶತ್ರುವಾಗಿತ್ತು. ಬಹುಧಾರೆಯ ವಿಧಾನದಲ್ಲಿ ಅದೇ ನೆರವಿಗೆ ಬರುತ್ತದೆ. ಎರಡು ಧಾರೆಗಳು ಬೇರೆ ಬೇರೆ ಗೋಡೆಗಳಿಗೆ ಬಡಿದು ಬೇರೆ ಬೇರೆ ಬಗೆಯಲ್ಲಿ ಬಂದು ತಲುಪುವುದರಿಂದಲೇ, ಎರಡು ಕಿವಿಯುಳ್ಳ ಯಂತ್ರ ಅವನ್ನು ಲೆಕ್ಕ ಹಾಕಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಳೆಯ ಕಟ್ಟಡದ ಕೆಂಪುಕಲ್ಲಿನ ಗೋಡೆಗಳಿಗೆ ಅಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಶಿಷ್ಯ ಮನೆಗೆ ಹೋದ. ಮರುದಿನ ಐದನೆಯ ತರಗತಿಯವರು ಹದಿನೈದು ಲ್ಯಾಪ್‌ಟಾಪುಗಳನ್ನು ತೆರೆದು ಕುಳಿತರು. ಹೊಸ ಕಟ್ಟಡದಲ್ಲಿ ಆರು, ಏಳನೆಯವರು ಬೇರೆ ಪಾಠ ನೋಡುತ್ತಿದ್ದರು. ಹತ್ತು ನಿಮಿಷದೊಳಗೆ ಅದೇ ಚಕ್ರ! ಒಂಟಿ ಲ್ಯಾಪ್‌ಟಾಪಿಗೆ ಮುನ್ನೂರು ಕೊಟ್ಟ ಪೆಟ್ಟಿಗೆ ತರಗತಿಗೆ ಏನನ್ನೂ ಕೊಡಲಿಲ್ಲ. ನಾಚಿಕೆ ಬಿಟ್ಟು ಫೋನು ಮಾಡಿದೆ. ಅವನು ಬೈಕಿನಲ್ಲಿ ಮಳೆಗೆ ತೊಯ್ದುಕೊಂಡು ಬಂದ.

"ತಪ್ಪು ನನ್ನದು ಮಾಷ್ಟ್ರೇ. ಒಬ್ಬನ ವೇಗ ನೋಡಿದೆ, ತರಗತಿಯ ವೇಗ ನೋಡಲಿಲ್ಲ" ಎಂದ.

ವೈಫೈಯಲ್ಲಿ ಒಂದು ದಾರಿಯ ಮೇಲೆ ಒಂದು ಸಮಯಕ್ಕೆ ಒಬ್ಬರೇ ಮಾತನಾಡಬಹುದು. ಉಳಿದವರು ಕಿವಿಗೊಟ್ಟು, ಮೌನ ಕಂಡಾಗ ಬಾಯಿ ತೆರೆಯಬೇಕು. ಇಬ್ಬರು ಒಟ್ಟಿಗೆ ತೆರೆದರೆ ಎರಡೂ ಮಾತು ಹಾಳು, ಮತ್ತೊಮ್ಮೆ ಹೇಳಬೇಕು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. 2.4 ಗಿಗಾಹರ್ಟ್ಸಿನ ಪಟ್ಟಿ ಒಟ್ಟಾರೆ 83.5 ಮೆಗಾಹರ್ಟ್ಸ್ ಅಗಲ. 2005ರಿಂದ ನಮ್ಮ ದೇಶದಲ್ಲಿ ಅದನ್ನು ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಬಹುದು. ಅದರಲ್ಲಿ 20ರ ಅಗಲದ ದಾರಿಗಳು ಒಂದಕ್ಕೊಂದು ತಾಗದಂತೆ ಹಿಡಿಸುವುದು ಮೂರೇ: ಒಂದು, ಆರು, ಹನ್ನೊಂದನೆಯ ಚಾನೆಲ್. ನಮ್ಮ ಮೂರು ಪೆಟ್ಟಿಗೆಗಳೂ ವೇಗದ ಆಸೆಗೆ 40ರ ಅಗಲದಲ್ಲಿ ಕುಳಿತಿದ್ದವು. ಮೂರು ಎತ್ತಿನಗಾಡಿಗಳು ಒಂದೇ ಓಣಿಯಲ್ಲಿ ಇದಿರುಬದಿರಾದಂತೆ. ನೆರೆಯಲ್ಲಿ ಬೇರೆಯವರ ದನಿ ಕೇಳಿದರೆ 20ಕ್ಕೆ ಇಳಿದುಕೊಳ್ಳಬೇಕೆಂಬ ಒಂದು ಸೌಜನ್ಯದ ನಿಯಮವೂ ಈ ಪ್ರಮಾಣದಲ್ಲಿದೆ. ನಮ್ಮ ಉಪಕರಣದಲ್ಲಿ ಅದನ್ನು ಯಾರೋ ಉದ್ದೇಶಪೂರ್ವಕವಾಗಿ ಆಫ್ ಮಾಡಿಟ್ಟಿದ್ದರು! ಆ ಮನುಷ್ಯ ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂರುವವನಾಗಿರಬೇಕು.

2.4ರಲ್ಲಿ ಮೂರನ್ನೂ 20ಕ್ಕೆ ಇಳಿಸಿ, ಒಂದು, ಆರು, ಹನ್ನೊಂದು ಎಂದು ಹಂಚಿದ. 5 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಜಾಗ ಧಾರಾಳ; ಅಲ್ಲಿ 40ನ್ನು ಉಳಿಸಿ, 36, 44, 149 ಎಂಬ ಬೇರೆ ಬೇರೆ ಆರಂಭಗಳನ್ನು ಕೊಟ್ಟ. ಅಲ್ಲಿಯೂ ಒಂದು ಮಾತಿದೆ. ದಾರಿ ಅಗಲವಾದಷ್ಟೂ ಅದೇ ಶಕ್ತಿ ತೆಳ್ಳಗೆ ಹರಡುತ್ತದೆ, ಒಂದಂಗಳಕ್ಕೆ ಕಲಸಿದ ಸೆಗಣಿನೀರಿನಲ್ಲಿ ಎರಡಂಗಳ ಸಾರಿಸಿದಂತೆ. ಮೇಲಾಗಿ 5ರ ಅಲೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ದುರ್ಬಲ. ಆಯಾ ಕೊಠಡಿಯೊಳಗೆ ಮಾತ್ರ ಅದನ್ನು ನಂಬಬೇಕು.

ಮತ್ತೆ ಹೆಸರುಗಳ ಗಲಾಟೆ. ಪ್ರತಿಯೊಂದು ಪೆಟ್ಟಿಗೆಯೂ ತಾನಿಲ್ಲಿದ್ದೇನೆಂದು ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನ ಹೆಸರನ್ನು ಕೂಗುತ್ತದೆ. ನಾವು ಆಫೀಸು, ಅಧ್ಯಾಪಕರು, ಮಕ್ಕಳು, ಅತಿಥಿ ಎಂದೆಲ್ಲ ಆರು ಹೆಸರು ಇಟ್ಟಿದ್ದೆವು. ಆರು ಹೆಸರು, ಮೂರು ಪೆಟ್ಟಿಗೆ, ಹತ್ತು ಬಾರಿ: ಸೆಕೆಂಡಿಗೆ ನೂರೆಂಬತ್ತು ಕೂಗು. ಅದೂ ಅತ್ಯಂತ ನಿಧಾನವಾದ 1 ಮೆಗಾಬಿಟ್ ವೇಗದಲ್ಲಿ, ಎಂತಹ ಹಳೆಯ ಯಂತ್ರಕ್ಕೂ ಕೇಳಲೆಂದು. ನಾಮಕರಣಕ್ಕೇ ಹೊತ್ತು ಕಳೆದರೆ ಪಾಠ ಎಲ್ಲಿಂದ? ಎರಡು ಹೆಸರು ಸಾಕೆಂದು ಉಳಿದವನ್ನು ಅಳಿಸಿದೆವು.

1, 2, 5.5, 11 ಎಂಬ ಆ ಪುರಾತನ ವೇಗಗಳನ್ನೇ ಮುಚ್ಚಿಬಿಡೋಣವೆಂದು ಅವನು ಹೇಳಿದಾಗ ಮಾತ್ರ ನಾನು ತಡೆದೆ. ಮುಚ್ಚಬೇಕೆನ್ನುವುದಕ್ಕೆ ಅವನ ಕಾರಣ ಬಲವಾದದ್ದೇ. 65ರ ವೇಗದಲ್ಲಿ ಹೇಳುವ ಮಾತನ್ನು 1ರ ವೇಗದಲ್ಲಿ ಹೇಳಲು ಅರುವತ್ತೈದು ಪಟ್ಟು ಹೊತ್ತು ಬೇಕು, ಅಷ್ಟು ಹೊತ್ತೂ ಉಳಿದವರೆಲ್ಲ ಬಾಯಿ ಮುಚ್ಚಿ ಕುಳಿತಿರಬೇಕು. ಆದರೆ ನಮ್ಮಲ್ಲಿ ಆ ನಿಧಾನದ ದನಿ ಯಾರದು? ಅಂಗಳದಾಚೆಯ ಹೆಂಚಿನ ಕಟ್ಟಡದಲ್ಲಿರುವ ಒಂದು, ಎರಡನೆಯ ತರಗತಿಗಳದು. ಅವರ ಬಳಿ ಪೆಟ್ಟಿಗೆಯಿಲ್ಲ; ಎರಡು ಕೆಂಪುಕಲ್ಲಿನ ಗೋಡೆ ದಾಟಿ, ಮಳೆಗೆ ನೆನೆದ ಮಾವಿನ ಮರದ ಎಲೆಗಳನ್ನು ಹಾದು, ಸೋತುಹೋದ ಅಲೆ ಅಲ್ಲಿಗೆ ತಲುಪುತ್ತಿತ್ತು. ಆ ವೇಗಗಳನ್ನು ಮುಚ್ಚಿದರೆ ಉಳಿದ ಶಾಲೆ ಚುರುಕಾಗುತ್ತದೆ, ಸಣ್ಣವರು ಹೊರಗುಳಿಯುತ್ತಾರೆ. ಓದಲು ತಡವರಿಸುವ ಮಗುವನ್ನು ಜಗಲಿಗೆ ಕಳುಹಿಸಿ ತರಗತಿ ಬೇಗ ಮುಗಿಸಿದ ಅಧ್ಯಾಪಕರನ್ನು ನಾನು ನನ್ನ ಬಾಲ್ಯದಲ್ಲಿ ಕಂಡಿದ್ದೇನೆ. ನನಗದು ಒಪ್ಪಿಗೆಯಾಗಲಿಲ್ಲ.

"ಹಾಗಾದರೆ ಆಫೀಸಿನ ಪೆಟ್ಟಿಗೆಯನ್ನು ಅಲ್ಲಿಗೆ ಕೊಂಡುಹೋಗೋಣ. ನಿಮ್ಮ ಕೋಣೆಗೆ ಸ್ವಲ್ಪ ಕಡಿಮೆಯಾದೀತು, ಅಡ್ಡಿಯಿಲ್ಲವೊ?" ಎಂದ.

ಅಡ್ಡಿಯೇನು ಬಂತು! ನನ್ನ ಕೋಣೆಯಲ್ಲಿ ನಡೆಯುವುದು ಸಂಬಳದ ಬಿಲ್ಲು, ಮಧ್ಯಾಹ್ನದ ಊಟದ ಲೆಕ್ಕ. ನಲುವತ್ತು ಮೀಟರ್ ಕೇಬಲ್ ತರಿಸಿ, ಪೈಪಿನೊಳಗೆ ಹಾಯಿಸಿ, ಹೆಂಚಿನ ಕಟ್ಟಡದ ಅಡ್ಡದ ಕೆಳಗೆ ಪೆಟ್ಟಿಗೆಯನ್ನು ಕೂರಿಸಿದೆವು. ಅದಾದ ಮೇಲೆಯೇ ಆ ನಾಲ್ಕು ಹಳೆಯ ವೇಗಗಳನ್ನು ಮುಚ್ಚಿದ್ದು.

ಇನ್ನೆರಡು ಸಣ್ಣ ವಿಷಯ. ಸಣ್ಣ ಸಣ್ಣ ಮಾಹಿತಿ ತುಂಡುಗಳನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ಕಳುಹಿಸುವ ಅಗ್ರಿಗೇಷನ್ ಎಂಬ ಗುಂಡಿಯನ್ನು ಯಾವಾಗಲೂ ಆನ್ ಇಡಬೇಕು. ಒಂದೊಂದು ತೆಂಗಿನಕಾಯಿಗೂ ಒಂದೊಂದು ಜೀಪು ಹೊರಡಿಸುವವರುಂಟೆ? ಮತ್ತು ವೇಗದ ಮೆಟ್ಟಿಲುಗಳು, ಎಂಸಿಎಸ್ ಎಂದು ಸೊನ್ನೆಯಿಂದ ಹದಿನೈದರವರೆಗೆ ಅಂಕೆ ಹಾಕಿದವು, ಎಲ್ಲವನ್ನೂ ಹಾಗೆಯೇ ಬಿಡಬೇಕು. ಮೇಲಿನವನ್ನು ಮಾತ್ರ ಇಟ್ಟುಕೊಂಡರೆ ವೇಗ ಹೆಚ್ಚುತ್ತದೆಂದು ಕೆಲವರು ತಿಳಿದಿದ್ದಾರೆ. ದೂರ, ಗೋಡೆಗಳಿಗೆ ತಕ್ಕಂತೆ ಯಂತ್ರ ತಾನಾಗಿಯೇ ಏರಿಳಿಯುತ್ತದೆ. ಕೆಳಗಿನ ಮೆಟ್ಟಿಲು ತೆಗೆದರೆ ಇಳಿಯಬೇಕಾದವನು ಬೀಳುತ್ತಾನೆ.

ಎಲ್ಲ ಮುಗಿದ ಮೇಲೆ 2.4ರಲ್ಲಿ ಲ್ಯಾಪ್‌ಟಾಪು ತೋರಿಸಿದ ಅಂಕೆ 144. ಮುನ್ನೂರರ ಅರ್ಧವೂ ಅಲ್ಲ. ಅದರಲ್ಲಿಯೂ ಸರದಿ, ಮರುತ್ತರ, ಮೌನಗಳಿಗೆ ಕಳೆದು ಕೈಗೆ ದಕ್ಕುವುದು ಅರ್ಧದ ಆಸುಪಾಸು. ಆದರೆ ಹದಿನೈದು ಮಕ್ಕಳು ಒಟ್ಟಿಗೆ ಒತ್ತಿದಾಗ ಹದಿನೈದು ಪರದೆಗಳಲ್ಲಿಯೂ ಕನ್ನಡ ಪುಸ್ತಕದ ಮುಖಪುಟ ಮೂಡಿತು. ಹಿಂದಿನ ಬೆಂಚಿನಲ್ಲಿ ಆ ಹೊತ್ತಿಗೆ ಯಾರೂ ಕುಳಿತಿರಲಿಲ್ಲ.

ಟಿ.ಸಿ. ತೆಗೆದುಕೊಂಡು ಹೋದ ಹುಡುಗಿ ಮರಳಿ ಬರಲಿಲ್ಲ. 2025ರ ಜೂನಿನಲ್ಲಿ ಅವಳ ತಮ್ಮನನ್ನು ಒಂದನೆಯ ತರಗತಿಗೆ ಸೇರಿಸಲು ಅದೇ ತಾಯಿ ಬಂದರು. ಕಾರಣ ನಾನು ಕೇಳಲಿಲ್ಲ. ಮನೆಗೆ ಹತ್ತಿರವೆಂಬುದೇ ಇದ್ದೀತು. ಹುಡುಗ ಕುಳಿತುಕೊಳ್ಳುವುದು ಹೆಂಚಿನ ಕಟ್ಟಡದಲ್ಲಿ, ಆ ಪೆಟ್ಟಿಗೆಯ ನೇರ ಕೆಳಗೆ.

ಚಾನೆಲ್ಲುಗಳ ಅಂಕೆ, ಅಗಲ, ಬೀಗದ ಬಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನನ್ನ ಕೋಣೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ, ನನ್ನ ನಂತರ ಬರುವವರಿಗೆ ಇರಲೆಂದು. ಕೊನೆಯ ಸಾಲನ್ನು ನಮ್ಮ ಶಾಲೆಯ ಸಹಾಯಕಿ ಸೇರಿಸಿದ್ದಾರೆ: ತುಲಾ ತಿಂಗಳಲ್ಲಿ ಸಂಜೆ ಗುಡುಗು ಕೇಳಿದರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಕಿಟಕಿ ಮುಚ್ಚುವುದು.